ಹೊಲದಲ್ಲಿ ನೆಟ್ಟ ಸಮುದ್ರದ ಗುರುತು

ಗೆಳೆಯಾ,

‘ಪುಸ್ತಕ ಅರ್ಧಕ್ಕೇ ಬಿಟ್ಟೆ, ಅದರಲ್ಲಿ ಏನೂ ನಡೆಯೋದೇ ಇಲ್ಲ’ ಅಂತ ಬರೆದಿದ್ದೀಯ. ನಿಜ ಮಾರಾಯ, ನಡೆಯೋದಿಲ್ಲ. ಸಾರಾ ಆರ್ನ್ ಜ್ಯೂಯೆಟ್ ಅವರ ‘ದಿ ಕಂಟ್ರಿ ಆಫ್ ದಿ ಪಾಯಿಂಟೆಡ್ ಫರ್ಸ್’ (1896) ಓದುವಾಗ ಮೊದಲ ಸಲ ನನಗೂ ನಿದ್ದೆ ಬಂದಿತ್ತು. ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ಡನೆಟ್ ಲ್ಯಾಂಡಿಂಗ್ ಅನ್ನೋ ಕಲ್ಪನೆಯ ಊರು. ಬೇಸಿಗೆ ಕಳೆಯಲು ಬಂದ ಒಬ್ಬ ಲೇಖಕಿ. ಅವಳನ್ನು ಮನೆಯಲ್ಲಿ ಇರಿಸಿಕೊಂಡ ಮಿಸೆಸ್ ಟಾಡ್, ಗಿಡಮೂಲಿಕೆ ಮದ್ದು ಕೊಡುವ ಹೆಂಗಸು. ಟಾಡ್ ದೊಡ್ಡ ಆಳು. ಬೆಳಗ್ಗೆ ತೋಟದಲ್ಲಿ ಓಡಾಡುವಾಗ ಲಂಗ ತಾಗಿ ಗಿಡಗಳು ಬಾಗುತ್ತವೆ, ಕಾಲಡಿ ಸಿಕ್ಕಿದ್ದು ಘಮ್ಮೆನ್ನುತ್ತದೆ. ಕೆಲವೇ ವಾರಗಳಲ್ಲಿ ಲೇಖಕಿಗೆ ಅರೆನಿದ್ದೆಯಲ್ಲೂ ಆಕೆ ಯಾವ ಮೂಲೆಯಲ್ಲಿದ್ದಾಳೆ ಅಂತ ಗೊತ್ತಾಗುತ್ತದೆ.

ಒಂದು ಊರಿನ ಜನ, ಮಾತು, ರೂಢಿಗಳನ್ನೇ ಚಿತ್ರಿಸುವ ಇಂಥ ಬರವಣಿಗೆಗೆ ಆಗ ‘ಲೋಕಲ್ ಕಲರ್’, ಅಂದರೆ ಊರಿನ ಬಣ್ಣ, ಅನ್ನುತ್ತಿದ್ದರು. ನನಗೆ ಆ ಹೆಸರೇ ಹಿಡಿಸೋಲ್ಲ. ಕತೆ ಬೇರೆ, ಊರು ಮೇಲೆ ಬಳಿದ ಬಣ್ಣ ಅಂದ ಹಾಗೆ. ನೀನು ಕೊನೆಯ ಹತ್ತಿರ ಬರುವ ಎಲೈಜಾ ಟಿಲ್ಲಿಯನ್ನು ಓದಿಯೇ ಇಲ್ಲ, ಅಲ್ವಾ? ಅವನು ಮುದುಕ ಮೀನುಗಾರ. ಅವನ ಹೊಲದಲ್ಲಿ ಅಲ್ಲಲ್ಲಿ ಬಣ್ಣ ಬಳಿದ ಗೂಟಗಳು. ಯಾಕೆ ಅಂತ ಲೇಖಕಿಗೆ ಅರ್ಥವಾಗೋಲ್ಲ. ಮಣ್ಣಿನಡಿ ಕಲ್ಲಿರುವ ಕಡೆಯೆಲ್ಲ ಅವನು ಗುರುತು ನೆಟ್ಟಿದ್ದಾನೆ, ನೀರಿನಡಿಯ ಬಂಡೆಯ ಮೇಲೆ ತೇಲುಗುರುತು ಬಿಡುವ ಹಾಗೆ! ನೇಗಿಲೂ ಅವನಿಗೆ ದೋಣಿಯೇ. ಇದರಲ್ಲಿ ಬಣ್ಣ ಯಾವುದು, ಮನುಷ್ಯ ಯಾವುದು ಅಂತ ಬೇರೆ ಮಾಡಿ ತೋರಿಸು ನೋಡೋಣ.

ಅವನ ಹೆಂಡತಿ ತೀರಿಕೊಂಡು ಎಂಟು ವರ್ಷ. ಮನೆ ಅವಳಿದ್ದ ಹಾಗೆಯೇ ಇದೆ. ಅವನು ದೂರದ ಬಂದರಿನಿಂದ ತಂದ ಚಹಾದ ಸೆಟ್ಟಿನಲ್ಲಿ ಒಂದೂ ಒಡೆದಿಲ್ಲ ಅಂತ ಅವಳಿಗೆ ಹೆಮ್ಮೆ. ಅವಳು ಹೋದ ಮೇಲೆ ಕಪಾಟಿನೊಳಗೆ ಹಿಂದಿನ ಮೂಲೆಯಲ್ಲಿ ಒಡೆದ ಕಪ್ಪೊಂದು ಸಿಗುತ್ತದೆ. ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ, ಪಾಪ. ಹಡಗುಗಳ ಕಾಲ ಮುಗಿಯುತ್ತಿದ್ದ ಊರಿನ ಕತೆ ಇದು. ಆ ಕಪ್ಪಿಗೂ ಅದಕ್ಕೂ ಸಂಬಂಧ ಇದೆ ಅಂತ ಜ್ಯೂಯೆಟ್ ಬಾಯಿಬಿಟ್ಟು ಹೇಳೋಲ್ಲ.

ಎಲ್ಲವೂ ಒಪ್ಪಿಗೆ ಅಂತಲ್ಲ. ಬೌಡನ್ ಮನೆತನದವರೆಲ್ಲ ಸೇರಿ ಸೈನಿಕರ ಹಾಗೆ ಸಾಲಾಗಿ ನಡೆಯುವ ಅಧ್ಯಾಯದಲ್ಲಿ ‘ನಮ್ಮ ರಕ್ತ’ ಅನ್ನೋ ಹಮ್ಮು ಜಾಸ್ತಿಯಾಯಿತು ಅನ್ನಿಸಿತು. ಊರಿನ ಪ್ರೀತಿ ಎಲ್ಲಿ ಬೇಲಿಯಾಗುತ್ತದೆ ಅನ್ನೋದು ಅಲ್ಲಿ ಕಾಣುತ್ತದೆ.

ನಿನಗೆ ಇಷ್ಟದ ಮಾರ್ಕ್ ಟ್ವೇನ್ ಕಾದಂಬರಿ ‘ಹಕಲ್‌ಬೆರಿ ಫಿನ್’ ಇದೆಯಲ್ಲ, 1925ರಲ್ಲಿ ಅಮೆರಿಕದ ಕಾದಂಬರಿಗಾರ್ತಿ ವಿಲ್ಲಾ ಕ್ಯಾಥರ್ ಜ್ಯೂಯೆಟ್ ಅವರ ಈ ಸಣ್ಣ ಪುಸ್ತಕವನ್ನು ಅದರ ಪಕ್ಕದಲ್ಲೇ ಕೂರಿಸಿದಳು. ಬಹುಕಾಲ ಬಾಳುವ ಅಮೆರಿಕದ ಮೂರು ಪುಸ್ತಕಗಳಲ್ಲಿ ಇದೂ ಒಂದು ಅಂದಳು.

ಟಿಲ್ಲಿಯ ಮಾತನ್ನು ಸುಮ್ನೆ ಕನ್ನಡಕ್ಕೆ ತರಲು ಕೂತೆ. ಮೀನುಗಾರ ಮೇಷ್ಟ್ರ ಹಾಗೆ ಮಾತಾಡತೊಡಗಿದ, ಹರಿದು ಹಾಕಿದೆ. ಪುಸ್ತಕ ಈಗಲೇ ವಾಪಸ್ ಕಳಿಸಬೇಡ. ಅವನ ಅಧ್ಯಾಯಕ್ಕೆ ಬಸ್ ಟಿಕೆಟ್ ಇಟ್ಟಿದ್ದೇನೆ, ಅದು ಬಿದ್ದುಹೋಗಿರದಿದ್ದರೆ.

ನಿನ್ನವ