ಆಟಗಾರರ ಜನಾಂಗದ ಬಗ್ಗೆ ಬರೆಯುವ ಮುನ್ನ

ಪ್ರೀತಿಯ ತಂಗಿ,

ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಕುರಿತ ನಿನ್ನ ಲೇಖನದ ಕರಡು ಓದಿದೆ. ಆಟದ ವಿವರಣೆ ಚೆನ್ನಾಗಿ ಬಂದಿದೆ. ತೊಡಕಿರುವುದು ಮೂರನೇ ಪ್ಯಾರಾದಲ್ಲಿ. "ವುಡ್ಸ್ ನಿಜಕ್ಕೂ ಕಪ್ಪು ಆಟಗಾರರೇ?" ಎಂದು ಕೇಳಿ, ಅಪ್ಪ ಅಮ್ಮನ ಮೂಲವನ್ನು ಅರ್ಧ, ಕಾಲು ಎಂದು ಕೂಡಿಸಿ, ಕೊನೆಗೆ ನೀನೇ ತೀರ್ಪು ಬರೆದುಬಿಟ್ಟಿದ್ದೀಯ. ಆ ತೀರ್ಪನ್ನು ತೆಗೆದುಹಾಕು. ಅದರ ಜಾಗದಲ್ಲಿ ಅವರನ್ನು ಹಾಗೆ ಕರೆದವರು ಯಾರು, ಯಾವಾಗ, ಯಾಕೆ ಎಂಬುದನ್ನು ಬರೆ.

1997ರ ಏಪ್ರಿಲ್ ಒಂದೇ ತಿಂಗಳು ಸಾಕು. 13ನೇ ತಾರೀಕು 21ರ ಹರೆಯದ ವುಡ್ಸ್ ಅಮೆರಿಕದ ಆಗಸ್ಟಾ ಕ್ಲಬ್ಬಿನಲ್ಲಿ 12 ಸ್ಟ್ರೋಕ್‌ಗಳ ಅಂತರದಿಂದ ಮಾಸ್ಟರ್ಸ್ ಗಾಲ್ಫ್ ಟೂರ್ನಿ ಗೆದ್ದರು. ಗೆದ್ದ ಮೇಲೆ ಚಾರ್ಲಿ ಸಿಫರ್ಡ್, ಲೀ ಎಲ್ಡರ್, ಟೆಡ್ ರೋಡ್ಸ್ ಎಂಬ ಹಿಂದಿನ ಕಪ್ಪು ಗಾಲ್ಫ್ ಆಟಗಾರರನ್ನು ನೆನೆದರು. ಅದೇ ತಿಂಗಳು ಓಪ್ರಾ ವಿನ್‌ಫ್ರೇ ಟಿವಿ ಕಾರ್ಯಕ್ರಮದಲ್ಲಿ, ಆಫ್ರಿಕನ್ ಅಮೆರಿಕನ್ ಎಂದಷ್ಟೇ ಕರೆದರೆ ತಮಗೆ ಬೇಸರವಾಗುತ್ತದೆ ಎಂದರು. ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡಿದ್ದ 'ಕ್ಯಾಬ್ಲಿನೇಶಿಯನ್' ಎಂಬ ಹೆಸರನ್ನೂ ಹೇಳಿದರು. ಬಿಳಿಯ, ಕಪ್ಪು, ಅಮೆರಿಕದ ಮೂಲನಿವಾಸಿ, ಏಷ್ಯನ್ ಎಂಬ ನಾಲ್ಕೂ ಅದರಲ್ಲಿ ಸೇರಿವೆ. ನಿನ್ನ ಕರಡಿನಲ್ಲಿ ಓಪ್ರಾ ಕಾರ್ಯಕ್ರಮದ ಮಾತು ಮಾತ್ರ ಇದೆ. ಹಿಂದಿನ ಕಪ್ಪು ಆಟಗಾರರನ್ನು ನೆನೆದದ್ದು ಇಲ್ಲದೆ ಓದಿದವರಿಗೆ ಅವರು ಕಪ್ಪು ಜನರಿಂದ ದೂರ ಸರಿದರು ಎಂದೇ ಅನಿಸುತ್ತದೆ. ಎರಡನ್ನೂ ತಾರೀಕಿನ ಕ್ರಮದಲ್ಲಿ ಬರೆ.

ಕಪ್ಪು ಅಮೆರಿಕನ್ನರಲ್ಲಿ ಹಲವರು ಓಪ್ರಾ ಕಾರ್ಯಕ್ರಮದ ಆ ಮಾತಿಗೆ ನೊಂದುಕೊಂಡರು. ಅದನ್ನು ನೀನು 'ಸಂಕುಚಿತ ಮನೋಭಾವ' ಎಂದಿದ್ದೀಯ. ಹಿನ್ನೆಲೆ ಗೊತ್ತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಬಿಳಿಯರಿಗಷ್ಟೇ ಸದಸ್ಯತ್ವ ಎಂಬ ಕಲಮು ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರರ ಸಂಘವಾದ ಪಿಜಿಎ ನಿಯಮಾವಳಿಯಲ್ಲಿ 1961ರವರೆಗೂ ಇತ್ತು. ಮಾಸ್ಟರ್ಸ್‌ನಲ್ಲಿ ಮೊದಲ ಬಾರಿಗೆ ಕಪ್ಪು ಆಟಗಾರರೊಬ್ಬರು, ಅಂದರೆ ಲೀ ಎಲ್ಡರ್, ಆಡಿದ್ದು 1975ರಲ್ಲಿ. ಆಗಸ್ಟಾ ಕ್ಲಬ್ಬು ಕಪ್ಪು ಸದಸ್ಯರೊಬ್ಬರನ್ನು ಸೇರಿಸಿಕೊಂಡಿದ್ದು 1990ರಲ್ಲಿ. 1930ರ ಅಮೆರಿಕನ್ ಜನಗಣತಿಯಲ್ಲಿ, ಬಿಳಿಯ ಮತ್ತು ಕಪ್ಪು ಮೂಲ ಎರಡೂ ಇದ್ದರೆ, ಕಪ್ಪು ಪಾಲು ಎಷ್ಟೇ ಚಿಕ್ಕದಿದ್ದರೂ ಕಪ್ಪು ಎಂದೇ ಬರೆದುಕೊಳ್ಳಿ ಎಂದು ಗಣತಿದಾರರಿಗೆ ಸೂಚನೆಯಿತ್ತು. ಬಾಗಿಲು ಮುಚ್ಚುವ ಕಾಲದಲ್ಲಿ 'ನಿನ್ನ ತಾಯಿ ಥಾಯ್ಲೆಂಡಿನವಳಲ್ಲವೇ' ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಹಾಗೆ ಹೊರಗೆ ನಿಂತವರು ವುಡ್ಸ್ ನಮ್ಮವನು ಎಂದು ಹೇಳಿಕೊಂಡದ್ದರ ಹಿಂದೆ ಆ ನೋವಿದೆ. ಥಾಯ್ಲೆಂಡಿನವರಾದ ತಾಯಿ ಕುಲ್ತಿದಾ ಅವರನ್ನು ಬಿಟ್ಟು ತಮ್ಮ ಪರಿಚಯ ಹೇಳಲು ಒಪ್ಪದ ವುಡ್ಸ್ ಮಾತಿಗೂ ಅಷ್ಟೇ ತೂಕವಿದೆ. ಎರಡನ್ನೂ ಪೂರ್ತಿ ಹೇಳಲು ಇನ್ನೂರು ಪದವಾದರೂ ಬೇಕು. ಬೇಕಿದ್ದರೆ ಸ್ಕೋರಿನ ವಿವರ ಕಡಿಮೆ ಮಾಡು.

ಅರ್ಧ, ಕಾಲು, ಎಂಟನೇ ಒಂದು ಪಾಲು ಎಂಬ ಲೆಕ್ಕ ಬೇಡವೇ ಬೇಡ. 1890ರ ಅಮೆರಿಕನ್ ಜನಗಣತಿ ಮನುಷ್ಯರನ್ನು ಹೀಗೆಯೇ 'ಕ್ವಾಡ್ರೂನ್' (ಕಾಲು ಪಾಲು ಕಪ್ಪು), 'ಆಕ್ಟೊರೂನ್' (ಎಂಟನೇ ಒಂದು ಪಾಲು ಕಪ್ಪು) ಎಂದು ಎಣಿಸಿತ್ತು. ಆ ಅಳತೆಗೋಲನ್ನು ನಾವು ಮತ್ತೆ ಕೈಗೆತ್ತಿಕೊಳ್ಳಬಾರದು. 'ತಾಯಿ ಥಾಯ್ಲೆಂಡಿನವರು, ತಂದೆ ಆಫ್ರಿಕನ್ ಅಮೆರಿಕನ್. ತಂದೆಯ ಕಡೆ ಬೇರೆ ಮೂಲಗಳೂ ಇವೆ ಎಂದು ಕುಟುಂಬ ಹೇಳುತ್ತದೆ' ಎಂದರೆ ಸಾಕು. 'ಹೇಳುತ್ತದೆ' ಎಂಬುದನ್ನು ಮಾತ್ರ ಬಿಡಬೇಡ.

'ಮೊದಲ' ಎಂಬ ಪದ ಬಂದಲ್ಲೆಲ್ಲ ನಿಂತು ನೋಡು. 2023ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್‌ನಲ್ಲಿ, ಮೊದಲ ಬಾರಿಗೆ ಎರಡೂ ತಂಡಗಳ ಆರಂಭಿಕ ಕ್ವಾರ್ಟರ್‌ಬ್ಯಾಕ್‌ಗಳು (ತಂಡದ ದಾಳಿಯನ್ನು ನಡೆಸುವ ಆಟಗಾರರು) ಕಪ್ಪು ಆಟಗಾರರು ಎಂದು ಸುದ್ದಿಯಾಯಿತು. ಒಬ್ಬರು ಜೇಲೆನ್ ಹರ್ಟ್ಸ್, ಇನ್ನೊಬ್ಬರು ಪ್ಯಾಟ್ರಿಕ್ ಮಹೋಮ್ಸ್. ಮಹೋಮ್ಸ್ ತಾಯಿ ಬಿಳಿಯರು. ಹಾಗಾದರೆ ದಾಖಲೆ ತಪ್ಪೇ? ಅಲ್ಲ. ಆ ದಾಖಲೆಯ ಬಗ್ಗೆ ಮಹೋಮ್ಸ್ ತಾವೇ ಹೆಮ್ಮೆಯಿಂದ ಮಾತಾಡಿದ್ದಾರೆ. ಅದನ್ನು ಒಂದು ವಾಕ್ಯದಲ್ಲಿ ಹೇಳಿಬಿಟ್ಟರೆ ಓದುಗರಿಗೆ ಗೊಂದಲವಿರುವುದಿಲ್ಲ.

ಅಂಕಿಗಳಲ್ಲಿ ಒಂದು ದೊಡ್ಡ ತಪ್ಪಿದೆ. ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಿಕೊಂಡ ಅಮೆರಿಕನ್ನರು 2010ರ ಜನಗಣತಿಯಲ್ಲಿ ಶೇ. 2.9, 2020ರಲ್ಲಿ ಶೇ. 10.2. ಇದನ್ನು ನೋಡಿ 'ಹತ್ತು ವರ್ಷದಲ್ಲಿ ಮಿಶ್ರ ಜನಾಂಗದವರು ಮೂರು ಪಟ್ಟಾದರು' ಎಂದು ಬರೆದಿದ್ದೀಯ. ಅಷ್ಟರಲ್ಲಿ ಗಣತಿಯ ನಮೂನೆಯೇ ಬದಲಾಗಿತ್ತು. ಬಿಳಿಯ, ಕಪ್ಪು ಎಂದು ಗುರುತು ಹಾಕಿದವರಿಗೂ ಮೂಲ ಬರೆಯಲು ಜಾಗ ಕೊಟ್ಟರು. ಜನ ಬರೆದುಕೊಟ್ಟ ಉತ್ತರದಲ್ಲಿ ಮೊದಲು 30 ಅಕ್ಷರವನ್ನಷ್ಟೇ ದಾಖಲಿಸಿಕೊಳ್ಳುತ್ತಿದ್ದ ಗಣತಿ ಇಲಾಖೆ ಈ ಬಾರಿ 200 ಅಕ್ಷರ ದಾಖಲಿಸಿಕೊಂಡಿತು. ಏರಿಕೆಯಲ್ಲಿ ಈ ಬದಲಾವಣೆಯ ಪಾಲು ದೊಡ್ಡದು ಎಂದು ಗಣತಿ ಇಲಾಖೆಯೇ ಹೇಳಿದೆ. ಒಂದಕ್ಕಿಂತ ಹೆಚ್ಚು ಗುರುತು ಹಾಕಲು ಅವಕಾಶ ಸಿಕ್ಕಿದ್ದೇ 2000ದಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಅಂಕಿಯ ಜೊತೆ ಹೋಲಿಸಲೇಬೇಡ.

ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಅವರ ವಿಷಯದಲ್ಲಿ ಪೌರತ್ವವನ್ನೂ ಜನಾಂಗವನ್ನೂ ಕಲಸಿದ್ದೀಯ. ತಾಯಿ ಜಪಾನಿನವರು, ತಂದೆ ಹೈಟಿಯವರು. ಎರಡು ಪೌರತ್ವ ಇದ್ದವರು 22 ತುಂಬುವುದರೊಳಗೆ ಒಂದನ್ನು ಆರಿಸಿಕೊಳ್ಳಬೇಕು ಎಂದು ಆಗ ಇದ್ದ ಜಪಾನಿನ ಕಾನೂನಿಗೆ ತಕ್ಕಂತೆ 2019ರಲ್ಲಿ ಜಪಾನನ್ನು ಆರಿಸಿಕೊಂಡರು. ಅದು ಪಾಸ್‌ಪೋರ್ಟಿನ ವಿಷಯ. ಅವರು ಕಪ್ಪು ಹೆಣ್ಣುಮಗಳಾಗಿರುವುದು ಅದರಿಂದ ಬದಲಾಗಲಿಲ್ಲ. ಅದೇ ವರ್ಷದ ಜನವರಿಯಲ್ಲಿ ನಿಸ್ಸಿನ್ ನೂಡಲ್ಸ್ ಕಂಪನಿ ಕಾರ್ಟೂನ್ ಜಾಹೀರಾತಿನಲ್ಲಿ ಅವರ ಮೈಬಣ್ಣ ಬಿಳಿಚಿಸಿ ತೋರಿಸಿ, ಟೀಕೆ ಬಂದ ಮೇಲೆ ಹಿಂತೆಗೆದುಕೊಂಡು ಕ್ಷಮೆ ಕೇಳಿತು. ನಿನ್ನ ಲೇಖನಕ್ಕೆ ಬೇಕಾದ್ದು ಈ ಪ್ರಸಂಗ. ಅದನ್ನು ಅಡಿಟಿಪ್ಪಣಿಗೆ ಯಾಕೆ ತಳ್ಳಿದೆ?

ನಮ್ಮ ಉತ್ತರ ಕನ್ನಡದ ಸಿದ್ದಿಯರ ಬಗ್ಗೆ ಬರೆದ ಸಾಲನ್ನು ತಿದ್ದಲೇಬೇಕು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಅಥ್ಲೆಟಿಕ್ಸ್‌ಗೆ ಆರಿಸಿ ತರಬೇತಿ ಕೊಟ್ಟಿತ್ತು. ಆಫ್ರಿಕಾ ಮೂಲದವರು ಎಂಬುದೇ ಆ ಆಯ್ಕೆಯ ಹಿಂದಿದ್ದ ಎಣಿಕೆ. ನೀನೂ 'ರಕ್ತದಲ್ಲೇ ಓಟ' ಎಂದು ಬರೆದಿದ್ದೀಯ. ಕೀನ್ಯಾ, ಇಥಿಯೋಪಿಯಾದ ದೂರದ ಓಟಗಾರರಲ್ಲಿ ಹೆಚ್ಚಿನವರು ಎತ್ತರದ ಪ್ರಸ್ಥಭೂಮಿಯ ಕಲೆಂಜಿನ್, ಒರೊಮೊ ಜನ. ಸಿದ್ದಿಯರ ಪೂರ್ವಿಕರು ಮುಖ್ಯವಾಗಿ ಆಫ್ರಿಕಾದ ಬಂಟು ಎಂಬ ಬೇರೆ ಭಾಷಾಗುಂಪಿನವರು. ಒಂದು ಖಂಡದ ಜನರನ್ನೆಲ್ಲ ಒಂದೇ ಮೈಕಟ್ಟಿಗೆ ಇಳಿಸಿದರೆ, ಹಳಿಯಾಳದ ಹುಡುಗಿ ಬೆಳಿಗ್ಗೆ ಎದ್ದು ಮಾಡಿದ ಅಭ್ಯಾಸಕ್ಕೆ ನಿನ್ನ ಲೇಖನದಲ್ಲಿ ಜಾಗವೇ ಉಳಿಯುವುದಿಲ್ಲ.

ತನ್ನ ಮೂಲದ ಬಗ್ಗೆ ಆಟಗಾರ ಏನೂ ಹೇಳದೇ ಇದ್ದರೆ, ಸುದ್ದಿಗೂ ಅದು ಸಂಬಂಧಿಸದಿದ್ದರೆ, ಬರೆಯಬೇಡ. ಫೋಟೋ ನೋಡಿ ಊಹಿಸಲಂತೂ ಹೋಗಬೇಡ. 'ಮಿಶ್ರತಳಿ' ಎಂಬ ಪದ ಶೀರ್ಷಿಕೆಯಲ್ಲೂ ಇದೆ, ಫೋಟೋ ಅಡಿಬರಹದಲ್ಲೂ ಇದೆ. ಎರಡೂ ಕಡೆ ತೆಗೆ. ಮೂರನೇ ಪ್ಯಾರಾ ಮತ್ತು ಸಿದ್ದಿಯರ ಭಾಗ ಹೊಸದಾಗಿ ಬರೆದು ಕಳಿಸು, ಉಳಿದದ್ದನ್ನು ಆಮೇಲೆ ನೋಡೋಣ.

ನಿನ್ನ,
ಅಕ್ಕ