ಸೀನನಿಗೊಂದು ಪತ್ರ: ಎಮ್ಮೆ ಹಾಡಿಗೂ ಮುಂಚೆ

ಲೋ ಸೀನ,

ಮೊನ್ನೆ ಫೋನಿನಲ್ಲಿ ನೀನು ಇದ್ದಕ್ಕಿದ್ದ ಹಾಗೆ, 'ವಿಕಿಪೀಡಿಯ ನೋಡ್ಕೊಂಡು ಹೇಳ್ತಿದ್ದೀಯೇನೋ?' ಅಂತ ಕೇಳಿದೆ. 'ಛೇ, ಇಲ್ಲಪ್ಪಾ' ಅಂದೆ. ನೋಡ್ಕೊಂಡೇ ಹೇಳ್ತಿದ್ದೆ. ಫೋನನ್ನು ಸ್ಪೀಕರಿಗೆ ಹಾಕಿ, ಎದುರಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ. ನಡುವೆ 'ಇರು, ನೆನಪು ಮಾಡ್ಕೋತೀನಿ' ಅಂತ ಎಳೆದದ್ದು ಪುಟ ಲೋಡ್ ಆಗಲಿ ಅಂತ. ನಮ್ಮ ಮನೆ ವೈಫೈ ನಿನಗೆ ಗೊತ್ತಲ್ಲ.

ಫೋನಿನಲ್ಲಿ ಹೇಳೋಕೆ ಮುಖ ಇಲ್ಲ, ಅದಕ್ಕೆ ಪತ್ರ. ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನಾಲ್ಕು ಜನರ ಎದುರು ನೀನು ನನ್ನನ್ನು ಜಾಸ್ತಿ ಬೈಯುವುದಿಲ್ಲ ಅನ್ನೋ ಧೈರ್ಯ. (ಉಳಿದವರೂ ಓದಿಕೊಳ್ಳಿ, ಬೇಡ ಅನ್ನಲ್ಲ. ಛತ್ರಿ ಮೇಷ್ಟ್ರು ಯಾರು ಅಂತ ಮಾತ್ರ ಕೇಳಬೇಡಿ.)

ಪ್ರಶ್ನೆ ಏನಿತ್ತು? ನಮ್ಮ ಅಣ್ಣಾವ್ರು, ಅಂದರೆ ಡಾ. ರಾಜ್‌ಕುಮಾರ್, ಸಿನಿಮಾದಲ್ಲಿ ಮೊದಲು ಹಾಡಿದ ಹಾಡು ಯಾವುದು. ನಿನ್ನ ಷಡ್ಡಕ ಹಿಂದಿನಿಂದ 'ಎಮ್ಮೆ ಹಾಡು' ಅಂತ ಕೂಗಿದ. 1974ರ 'ಸಂಪತ್ತಿಗೆ ಸವಾಲ್', ಜಿ.ಕೆ. ವೆಂಕಟೇಶ್ ಸಂಗೀತ, ಎಮ್ಮೆ ಮೇಲೆ ಕೂತು ಹಾಡೋ 'ಯಾರೇ ಕೂಗಾಡಲಿ'. ಬೀದಿಯಲ್ಲಿ ಯಾರನ್ನು ನಿಲ್ಲಿಸಿ ಕೇಳಿದರೂ ಅದನ್ನೇ ಹೇಳುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು, 'ಇಲ್ಲ, 1956ರ ಓಹಿಲೇಶ್ವರ' ಅಂದೆ. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿ ಜೊತೆ 'ತುಂಬಿತು ಮನವ' ಕೂಡ ಇದೆ ಅಂತ ಒಗ್ಗರಣೆ ಬೇರೆ. ಷಡ್ಡಕ ಗಪ್‌ಚುಪ್. ನೀನೂ ಸುಮ್ಮನಾದೆ. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ನೀನು ಆ ಮಾತು ಕೇಳಿದೆ. ಆಮೇಲೆ ನಮಗೆ ಮಾತಾಡೋಕೆ ಏನೂ ಉಳಿಯಲಿಲ್ಲ, ಗಮನಿಸಿದೆಯಾ? ಮಳೆ ವಿಷಯ ಮಾತಾಡಿ ಇಟ್ಟುಬಿಟ್ಟೆವು.

ನಿಮ್ಮಪ್ಪ ಇದ್ದಿದ್ದರೆ ಹೀಗೆ ಮುಗಿಯುತ್ತಿರಲಿಲ್ಲ ಬಿಡು.

ತಿಪಟೂರಿನ ಬಿ.ಎಚ್. ರಸ್ತೆಯ ನಿಮ್ಮ ಕ್ಯಾಸೆಟ್ ಅಂಗಡಿ ಈಗಿನವರಿಗೆ ಹೇಗೆ ಹೇಳೋದು? ಜನ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಜೊತೆ ಕೊಟ್ಟು ಹೋಗುತ್ತಿದ್ದರು. ಎರಡು ದಿನ ಬಿಟ್ಟು ಬಂದರೆ ಹಾಡು ತುಂಬಿದ ಕ್ಯಾಸೆಟ್. ಪಟ್ಟಿ ಅಂದರೆ ಎಂಥ ಪಟ್ಟಿ! ಅರ್ಧ ಜನಕ್ಕೆ ಹಾಡಿನ ಮೊದಲ ಸಾಲೇ ಬರುತ್ತಿರಲಿಲ್ಲ. 'ಅಣ್ಣಾವ್ರು ಶಾಲು ಹೊದ್ಕೊಂಡು ಬೆಟ್ಟದ ಮೇಲೆ ಹಾಡ್ತಾರಲ್ಲ, ಅದು' ಅಂತ ಬರೆದಿರುತ್ತಿದ್ದರು. ನಿಮ್ಮಪ್ಪ ಕನ್ನಡಕ ಹಣೆಗೇರಿಸಿ, 'ಶಾಲು ಯಾವ ಬಣ್ಣ?' ಅಂತ ಕೇಳೋರು. ಗಿರಾಕಿ ತಬ್ಬಿಬ್ಬಾಗಿ, 'ಸಾರ್, ಕಪ್ಪು ಬಿಳುಪು ಸಿನಿಮಾ' ಅನ್ನೋನು. 'ಹಾಗಿದ್ರೆ ಅರ್ಧ ಸಿನಿಮಾ ಬಿಟ್ಟುಹೋಯ್ತು, ಹುಡುಕೋದು ಸುಲಭ' ಅನ್ನೋರು. ಪಕ್ಕದಲ್ಲಿ ನಿಂತವನು ಬಾಯಿ ಹಾಕೋನು. ಹಿಂದೆ ನಿಂತವನು ಗುನುಗೋಕೆ ಶುರು ಮಾಡೋನು. ಹಾಡು ಸಿಗೋ ಹೊತ್ತಿಗೆ ಎದುರಿನ ಹೋಟೆಲಿಂದ ಟೀ ಬಂದಿರುತ್ತಿತ್ತು.

ಡಬ್ಬಿಯೊಳಗಿನ ಕಾರ್ಡು ನೆನಪಿದೆಯಾ? ಎ ಸೈಡು, ಬಿ ಸೈಡು, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಹಾಡು, ಚಿತ್ರ, ಹಾಡಿದವರು. ಸಾಹಿತ್ಯ ಯಾರದ್ದು ಅಂತ ಗಿರಾಕಿ ಕೇಳದಿದ್ದರೂ ಬರೆಯೋರು. ಅಣ್ಣಾವ್ರಿಗೆ ಹಿನ್ನೆಲೆ ಹಾಡುತ್ತಿದ್ದ ಪಿ.ಬಿ. ಶ್ರೀನಿವಾಸ್ ಆದರೆ 'ಪಿಬಿಎಸ್' ಅಂತ ಹಸಿರು ಇಂಕು. ಅಣ್ಣಾವ್ರೇ ಹಾಡಿದ್ದರೆ ಹೆಸರೇ ಇಲ್ಲ, ಕೆಂಪು ಇಂಕಿನಲ್ಲಿ 'ಸ್ವತಃ'. ಅಷ್ಟೇ. ಅಷ್ಟು ಮಾಹಿತಿ ಇವತ್ತು ವಿಕಿಯಲ್ಲಿ ಎರಡು ಸೆಕೆಂಡಿಗೆ ಸಿಗುತ್ತೆ. ಒಪ್ಪಿದೆ.

ಆದರೆ ಅಂಗಡಿಯಲ್ಲಿ ಎದ್ದ ದೊಡ್ಡ ಪ್ರಶ್ನೆ ಬೇರೆ ಇತ್ತು ಕಣೋ. 1959ರಲ್ಲಿ ಜಾನಕಿ ಜೊತೆ ಅಷ್ಟು ಚೆನ್ನಾಗಿ ಹಾಡಿದ ಮನುಷ್ಯ 1974ರವರೆಗೆ ಯಾಕೆ ಸುಮ್ಮನಿದ್ದ? ಹದಿನೈದು ವರ್ಷ! ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ಕಂಪನಿ ನಾಟಕ ಅಂದರೆ ಹಾಡಲೇಬೇಕು, ಕಡೇ ಸಾಲಿನವನಿಗೂ ಕೇಳಿಸಬೇಕು. ಕಂಠ ಇರಲಿಲ್ಲ ಅನ್ನೋ ಹಾಗಿಲ್ಲ. ಒಬ್ಬ, ಪುರುಸೊತ್ತಿರಲಿಲ್ಲ ಅಂತಿದ್ದ. ಇನ್ನೊಬ್ಬ, ಅವರೇ ಸಂಕೋಚ ಪಟ್ಟುಕೊಂಡರು ಅಂತಿದ್ದ. ನಿಮ್ಮಪ್ಪನ ವಾದ ಒಂದೇ. 'ತಟ್ಟೇಲಿ ಮೈಸೂರು ಪಾಕ್ ಇಟ್ಕೊಂಡು ಯಾರಾದ್ರೂ ಬೆಲ್ಲದ ಡಬ್ಬಿ ತೆಗೀತಾರಾ? ಪಿಬಿಎಸ್ ಇದ್ರಲ್ಲಯ್ಯ!' ಅಣ್ಣಾವ್ರು ಶರೀರ, ಪಿಬಿಎಸ್ ಶಾರೀರ ಅಂತ ಇಡೀ ನಾಡೇ ಹೇಳುತ್ತಿದ್ದ ಕಾಲ.

ಇದಕ್ಕೆ ವಿಕಿಯಲ್ಲಿ ಉತ್ತರ ಹುಡುಕಿದೆ. 1974ರಲ್ಲಿ ಪಿಬಿಎಸ್‌ಗೆ ಹುಷಾರಿರಲಿಲ್ಲ, ಅದಕ್ಕೆ ಅಣ್ಣಾವ್ರು ಹಾಡಿದರು ಅಂತ ಒಂದು ಸಾಲು ಸಿಕ್ಕಿತು. ಅದಕ್ಕಿಂತ ಹಿಂದಿನ ಹದಿನೈದು ವರ್ಷಕ್ಕೆ ಒಂದು ಸಾಲೂ ಇಲ್ಲ. ಇರೋ ಹಾಗೂ ಇಲ್ಲ. ವಿಕಿಪೀಡಿಯದ ನಿಯಮ ಹಾಗಿದೆ. ಯಾರ ಬಾಯಿಮಾತೂ ಆಧಾರ ಆಗಲ್ಲ. ಪತ್ರಿಕೆ, ಪುಸ್ತಕದಂಥ ನಂಬುವ ಕಡೆ ಪ್ರಕಟವಾಗಿರಬೇಕು. ನಿಮ್ಮಪ್ಪನ ಮೈಸೂರು ಪಾಕ್ ಅಲ್ಲಿ ನಡೆಯಲ್ಲ. ನಿಯಮ ತಪ್ಪು ಅನ್ನಲಾರೆ. ಅದಿಲ್ಲದಿದ್ದರೆ ನಿನ್ನ ಷಡ್ಡಕನಂಥವರು ಒಂದೇ ರಾತ್ರಿಯಲ್ಲಿ ಕನ್ನಡ ಚಿತ್ರರಂಗದ ಚರಿತ್ರೆಯನ್ನೇ ಬದಲಾಯಿಸಿಬಿಡುತ್ತಿದ್ದರು.

ಅಷ್ಟಕ್ಕೂ ಆ ಪುಟಗಳನ್ನು ಬರೆಯೋರು ಯಾರು? ಅಭಿಮಾನಿಗಳೇ. ಪ್ರತಿ ಲೇಖನದ ಹಿಂದೆ 'ಚರ್ಚೆ' ಅಂತ ಒಂದು ಪುಟ ಇರುತ್ತೆ, ಯಾವಾಗ ಯಾರು ಏನು ತಿದ್ದಿದರು ಅನ್ನೋ ಇತಿಹಾಸವೂ ಇರುತ್ತೆ. ಒಬ್ಬ ಒಂದು ಅಂಕಿ ಹಾಕಿದರೆ ಇನ್ನೊಬ್ಬ ಬಂದು ಬದಲಾಯಿಸುತ್ತಾನೆ. ನಿಮ್ಮ ಅಂಗಡಿಯ ಜಗಳವೇ, ಟೀ ಇಲ್ಲ ಅಷ್ಟೇ. ಅಣ್ಣಾವ್ರ ಒಟ್ಟು ಸಿನಿಮಾ ಎಷ್ಟು ಅನ್ನೋದನ್ನೇ ತಗೋ. ಇನ್ನೂರು ದಾಟಿದೆ ಅನ್ನೋವರೆಗೆ ಎಲ್ಲರೂ ಒಂದೇ. ಆಮೇಲೆ 205, 206, 208 ಅಂತ ಒಬ್ಬೊಬ್ಬರದು ಒಂದೊಂದು ಲೆಕ್ಕ. ನಾಯಕನಾಗಿದ್ದು 1954ರ 'ಬೇಡರ ಕಣ್ಣಪ್ಪ'ದಿಂದ. ಹಾಗಾದರೆ 1952ರ 'ಶ್ರೀ ಶ್ರೀನಿವಾಸ ಕಲ್ಯಾಣ'ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ನಿಂತಿದ್ದು ಲೆಕ್ಕಕ್ಕುಂಟಾ? ಹೀಗೆ ಬಂದು ಹಾಗೆ ಹೋದ ಅತಿಥಿ ಪಾತ್ರ? ಕೂಡಿಸೋದು ಕಷ್ಟ ಅಲ್ಲ. ಯಾವುದನ್ನು ಕೂಡಿಸಬೇಕು ಅನ್ನೋದೇ ಜಗಳ. ಪುಟದಲ್ಲಿ ಕೊನೆಗೆ ಕಾಣೋದು ಒಂದು ಅಂಕಿ ಮಾತ್ರ.

ಇನ್ನೊಂದು ಪ್ರಶ್ನೆ ಬಂದರೆ ಮಾತ್ರ ಅಂಗಡಿಯಲ್ಲಿ ದನಿ ತಗ್ಗುತ್ತಿತ್ತು. ಎಮ್ಮೆ ಹಾಡು ಗೆದ್ದ ಮೇಲೆ ಪಿಬಿಎಸ್‌ಗೆ ಏನನ್ನಿಸಿರಬಹುದು? ಅವತ್ತಿಂದ ಅವರು ಅಣ್ಣಾವ್ರಿಗೆ ಹಾಡಲೇ ಇಲ್ಲ ಅಂತ ಒಬ್ಬ ವಾದಿಸಿದ್ದಕ್ಕೆ ನಿಮ್ಮಪ್ಪ 1975ರ 'ಮಯೂರ'ದ ಕ್ಯಾಸೆಟ್ ತೆಗೆದು 'ನಾನಿರುವುದೆ ನಿಮಗಾಗಿ' ಹಾಕಿದರು. ಹಸಿರು ಇಂಕು. ಆದರೂ ಬರಬರುತ್ತಾ ಕಾರ್ಡುಗಳಲ್ಲಿ ಕೆಂಪು ಜಾಸ್ತಿಯಾಯಿತು ಅನ್ನೋದು ಅವರಿಗೂ ಗೊತ್ತಿತ್ತು. 'ಜೀವನ ಚೈತ್ರ'ದ 'ನಾದಮಯ'ಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಬಂದವರಿಗೆಲ್ಲ ಪೇಡ ಹಂಚಿದರಲ್ಲ, ಅವತ್ತು ದಿನವಿಡೀ ಅಂಗಡಿಯಲ್ಲಿ ಹಾಕಿದ್ದು ಪಿಬಿಎಸ್ ಹಾಡುಗಳನ್ನೇ. ಯಾಕೆ ಅಂತ ಯಾರೂ ಕೇಳಲಿಲ್ಲ. ಪಿಬಿಎಸ್ ಮದ್ರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ತಲೆಗೆ ಟೋಪಿ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಕವಿತೆ ಬರೆಯುತ್ತಾ ಕೂತಿರುತ್ತಾರಂತೆ ಅಂತ ಯಾರೋ ಹೇಳಿದಾಗ ನಿಮ್ಮಪ್ಪ, 'ಒಂದ್ಸಲ ಹೋಗಿ ಟೀ ಕುಡಿದು ಬರಬೇಕು' ಅಂದಿದ್ದರು. ಹೋದರಾ ಸೀನ? ಹೋಟೆಲ್ 2008ರಲ್ಲಿ ಮುಚ್ಚಿತು, ಪಿಬಿಎಸ್ 2013ರಲ್ಲಿ ತೀರಿಕೊಂಡರು. ಇದು ನನಗೆ ಗೊತ್ತಿದೆ. ನಿಮ್ಮಪ್ಪ ಹೋದರಾ ಅನ್ನೋದು ಗೊತ್ತಿಲ್ಲ.

ಇಷ್ಟು ಬರೆದ ಮೇಲೆ ಅಂಗಡಿಯನ್ನು ತೀರಾ ದೇವಸ್ಥಾನ ಮಾಡಿಬಿಟ್ಟೆ ಅನ್ನಿಸುತ್ತಿದೆ. ಅದು ಹಾಗೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಸಿನಿಮಾ ಅಂದರೆ ಆಗುತ್ತಿರಲಿಲ್ಲ. ನಿಮ್ಮ ಅಂಗಡಿಗೆ ಬಂದ ಹೊಸತರಲ್ಲಿ 'ಕಸ್ತೂರಿ ನಿವಾಸ'ದ 'ಆಡಿಸಿ ನೋಡು' ಕೇಳಿ, 'ಅಣ್ಣಾವ್ರು ಎಷ್ಟು ಚೆನ್ನಾಗಿ ಹಾಡಿದ್ದಾರೆ' ಅಂದುಬಿಟ್ಟೆ. ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಕೌಂಟರಿನ ಮೇಲೆ ಕೂತಿದ್ದ ಆ ಅಭಿಮಾನಿ ಸಂಘದವನು, 'ಮೂರು ಹೊತ್ತು ಅನ್ನ ತಿಂತೀಯಾ, ಇದು ಗೊತ್ತಿಲ್ವಾ?' ಅಂದ. ನೀನೂ ನಕ್ಕೆ. ತಪ್ಪಿಲ್ಲ, ನಗೋ ವಯಸ್ಸು. ಆದರೆ ಅವತ್ತಿಂದ ಆ ಅಂಗಡಿಯಲ್ಲಿ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಕಣೋ. ಡಬ್ಬಿ ಒರೆಸೋ ನೆಪದಲ್ಲಿ ಕಾರ್ಡುಗಳನ್ನು ಓದಿಕೊಳ್ಳುತ್ತಿದ್ದೆ. ಮನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ.

ಮುಂದೆ ವಿಕಿ ಬಂತಲ್ಲ, ನನ್ನಂಥವನಿಗೆ ಸ್ವರ್ಗ. ರಾತ್ರಿ ಎರಡು ಗಂಟೆಗೆ ಕೇಳಿದರೂ ಹೇಳುತ್ತೆ. ನಗಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಅನ್ನೋದನ್ನು ಯಾರಿಗೂ ಹೇಳಲ್ಲ. ಮನುಷ್ಯರನ್ನು ಕೇಳಿದರೆ ಮೊದಲು 'ಗೊತ್ತಿಲ್ಲ' ಅಂತ ಒಪ್ಪಿಕೊಳ್ಳಬೇಕು. ಅದೊಂದು ನನ್ನ ಕೈಲಿ ಆಗಲ್ಲ. ಆಫೀಸಿನಲ್ಲೂ ಅಷ್ಟೇ, ಮೀಟಿಂಗಿನಲ್ಲಿ ತಲೆಯಾಡಿಸಿ ಆಮೇಲೆ ಸೀಟಿಗೆ ಬಂದು ಹುಡುಕುತ್ತೇನೆ. ಅಮ್ಮನಿಗೆ ಡಾಕ್ಟರು ಏನೋ ಹೇಳಿದಾಗಲೂ 'ಹೂಂ ಡಾಕ್ಟ್ರೇ' ಅಂದು ಬಂದು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಓದಿದೆ. ಅಮ್ಮ ಪಕ್ಕದಲ್ಲೇ ಇದ್ದಳು. 'ಏನಂದ್ರೋ?' ಅಂತ ಕೇಳಿದಳು. 'ಇರು, ಒಂದು ಮೆಸೇಜು' ಅಂದೆ.

ಇದನ್ನು ಬರೆಯಬೇಕು ಅಂತ ಇರಲಿಲ್ಲ. ಬರೆದದ್ದಾಯಿತು, ಇನ್ನೊಂದನ್ನೂ ಬರೆದುಬಿಡ್ತೀನಿ.

ಹೋದ ವರ್ಷ ತಿಪಟೂರಿನ ಮೇಲೆ ಹಾದುಹೋಗೋದಿತ್ತು. ಅಂಗಡಿಗೆ ಬರೋಣ ಅಂತ ಮ್ಯಾಪ್‌ನಲ್ಲಿ ಹಾಕಿದೆ. ಅಂಗಡಿ ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ 'ಶಾಶ್ವತವಾಗಿ ಮುಚ್ಚಲಾಗಿದೆ' ಅಂತ ಬಂತು. ಕ್ಯಾಸೆಟ್ ಹೋಗಿ ಸಿಡಿ, ಸಿಡಿ ಹೋಗಿ ರೀಚಾರ್ಜ್ ಆದಾಗಲೂ ಬಾಗಿಲು ಹಾಕದ ಅಂಗಡಿ. ನೀನು ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ಬೈಪಾಸಿನಲ್ಲಿ ಹೋಗಿಬಿಟ್ಟೆ. ಆಮೇಲೆ ನಿನ್ನ ಫೇಸ್‌ಬುಕ್ ಪುಟವನ್ನು ಕೆಳಗಿನವರೆಗೂ ಎಳೆದು ಯಾವಾಗ, ಯಾಕೆ ಅಂತ ಹುಡುಕಿದೆ. ಮಗಳು ಯಾವ ಕಾಲೇಜು ಸೇರಿದಳು ಅನ್ನೋದು ಸಿಕ್ಕಿತು. ಧರ್ಮಸ್ಥಳಕ್ಕೆ ಹೋದ ಫೋಟೋ ಸಿಕ್ಕಿತು, ನೀನು ತೆಳ್ಳಗಾಗಿದ್ದೆ. ಅಂಗಡಿ ಬಗ್ಗೆ ಒಂದು ಅಕ್ಷರ ಇಲ್ಲ. ಅದಾದ ಮೇಲೆ ನಾವು ಫೋನಿನಲ್ಲಿ ಎಷ್ಟು ಸಲ ಮಾತಾಡಿದ್ದೇವೆ! ಓಹಿಲೇಶ್ವರ, ಮಯೂರ, ಮಳೆ. ಹೇಗಿದ್ದೀಯ ಅಂತ ನೇರವಾಗಿ ಕೇಳಿದರೆ ನಿನ್ನ ವಿಷಯ ನನಗೆ ಗೊತ್ತಿಲ್ಲ ಅಂತ ಒಪ್ಪಿಕೊಂಡ ಹಾಗೆ. ಇಷ್ಟು ವರ್ಷದ ಗೆಳೆತನದಲ್ಲಿ ಅದು ಹೇಗೆ ಬಾಯಿಗೆ ಬರುತ್ತೆ, ಹೇಳು.

ಸರಿ ಸರಿ, ಸಾಕು. ನಿನ್ನ ಮನೆಯವರು ಇದನ್ನು ಓದಿ 'ನಿಮ್ಮ ಫ್ರೆಂಡಿಗೆ ಏನಾಗಿದೆ, ಕುಡಿದಿದ್ದಾರಾ?' ಅಂತ ಕೇಳುತ್ತಾರೆ. ಇಲ್ಲ ಅಂತ ಹೇಳು. ಎರಡು ಮುದ್ದೆ ಉಂಡಿದ್ದೇನೆ, ಅದರದ್ದೇ ಮತ್ತು. ನಲವತ್ತೈದರ ವಯಸ್ಸಿನಲ್ಲಿ ಅಣ್ಣಾವ್ರು ಎಮ್ಮೆ ಹಾಡು ಹಾಡಿದರು. ನನ್ನ ಕೈಲಿ ಆಗಿದ್ದು ಇಷ್ಟೇ, ಒಂದು ಪತ್ರ, ಅದೂ ಊರಿಗೆಲ್ಲ ಕೇಳಿಸೋ ಹಾಗೆ.

ಈಗ ಬಿಸಿನೆಸ್ ಮಾತಾಡೋಣ. ಆ ಕ್ಯಾಸೆಟ್‌ಗಳೆಲ್ಲ ಏನಾದವು? ಗುಜರಿಗೆ ಹಾಕಿಲ್ಲ ತಾನೇ? ಹಾಕಿದ್ದರೂ ಕಾರ್ಡುಗಳನ್ನು ತೆಗೆದಿಟ್ಟಿರ್ತೀಯ ಅಂತ ನಂಬಿದ್ದೇನೆ. ಹಳದಿ ಡಬ್ಬಿಯ 'ಜೀವನ ಚೈತ್ರ' ನಂದು. ನೀನು ನಿಂದು ಅಂತ ಸಾಧಿಸ್ತೀಯ, ಆ ಜಗಳವನ್ನು ಎದುರಾಬದುರು ಕೂತೇ ಆಡೋಣ. ಯಾವ ವಾರ ಬರಲಿ ಅಂತ ತಿಳಿಸು. ಹೋಟೆಲಿನವನು ಇನ್ನೂ ಇದ್ದಾನಾ? ಇದ್ದರೆ ಮಾಮೂಲಿ ಹೇಳಿಡು, ಬಿಲ್ಲು ಛತ್ರಿ ಮೇಷ್ಟ್ರ ಲೆಕ್ಕಕ್ಕೆ.

ಇಂತಿ ನಿನ್ನ
ಶರೀರ

ತಾ.ಕ.: ಈ ಪತ್ರ ಷಡ್ಡಕನಿಗೆ ತೋರಿಸಬೇಡ. ಅವನು 206 ಅಂತ ನಂಬಿಕೊಂಡು ಆರಾಮಾಗಿದ್ದಾನೆ.