ಬಾಯಿಪಾಠದ ಭಯ

ಬದಿಯಡ್ಕ

ಪ್ರೀತಿಯ ಅನುಷಾ,

ಮಾವನ ಆಶೀರ್ವಾದ. ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಕೊನೆಗೆ ಒಂದು ಸಾಲು ಉಂಟಲ್ಲ, "ಎಲ್ಲವನ್ನೂ ಬಾಯಿಪಾಠ ಮಾಡಿಯೇ ಇಲ್ಲಿವರೆಗೆ ಬಂದವಳು ನಾನು, ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ ಮಾವಾ" ಅಂತ. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ನಿನ್ನ ವೈವಾದಲ್ಲಿ, ಆ ಬಾಯಿಪರೀಕ್ಷೆಯಲ್ಲಿ, ರೆಸ್ಟ್ರಿಕ್ಷನ್ ಎಂಜೈಮ್ ಅಂದರೇನು ಅಂತ ಕೇಳಿದರು. ಡಿಎನ್‌ಎ ಕತ್ತರಿಸುವ ಎಂಜೈಮ್ ಅಂತ ನೀನು ಅಂದೆ. ಹಾಗಾದರೆ ರೆಸ್ಟ್ರಿಕ್ಷನ್ ಅಂತ ಯಾಕೆ, ಅದು ತಡೆಯುವುದು ಯಾವುದನ್ನು ಅಂದಾಗ ನಿನ್ನ ಬಾಯಿ ಕಟ್ಟಿತು. ನಡೆದದ್ದು ಇಷ್ಟೇ ಅಲ್ವಾ?

ಆ ಹೆಸರು ಬಂದದ್ದು ಹೇಗೆ ನೋಡು. 1950ರ ದಶಕದ ಶುರುವಿನಲ್ಲಿ ಲೂರಿಯಾ ಮೊದಲಾದ ವಿಜ್ಞಾನಿಗಳು ಬ್ಯಾಕ್ಟೀರಿಯಾಕ್ಕೆ ತಗಲುವ ಫೇಜ್ ವೈರಸ್‌ಗಳನ್ನು ಬೆಳೆಸಿ ನೋಡುತ್ತಿದ್ದರು. ಒಂದು ತಳಿಯ ಬ್ಯಾಕ್ಟೀರಿಯಾದಲ್ಲಿ ಚೆನ್ನಾಗಿ ಬೆಳೆದ ಫೇಜ್, ಇನ್ನೊಂದು ತಳಿಗೆ ಹಾಕಿದರೆ ಬೆಳೆಯುವುದೇ ಅಪರೂಪ. ಆ ತಡೆಗೆ ರೆಸ್ಟ್ರಿಕ್ಷನ್ ಅನ್ನುವ ಮಾತು ನಿಂತಿತು. ತಡೆ ಕಣ್ಣಿಗೆ ಕಾಣುತ್ತಿತ್ತು, ತಡೆಯುವುದು ಯಾವುದು ಅಂತ ಗೊತ್ತಿರಲಿಲ್ಲ. ಒಳಗೆ ಬಂದ ಫೇಜಿನ ಡಿಎನ್‌ಎ ತುಂಡಾಗುತ್ತದೆ ಅಂತ ವರ್ನರ್ ಆರ್ಬರ್ ಕಡೆಯವರು ಕಂಡುಕೊಂಡದ್ದು 1960ರ ದಶಕದಲ್ಲಿ. ಗೊತ್ತಾದ ಜಾಗದಲ್ಲೇ ಕತ್ತರಿಸುವ ಎಂಜೈಮನ್ನು ಹ್ಯಾಮಿಲ್ಟನ್ ಸ್ಮಿತ್ ತಿಳಿಸಿದ್ದು 1970ರಲ್ಲಿ. ಡೇನಿಯಲ್ ನೇಥನ್ಸ್ ಅದರಿಂದ ಒಂದು ವೈರಸ್ಸಿನ ಡಿಎನ್‌ಎ ತುಂಡು ಮಾಡಿ ಅದರ ನಕ್ಷೆ ಬರೆದರು. 1978ರ ನೊಬೆಲ್ ಆ ಮೂವರಿಗೆ. ಅಷ್ಟು ವರ್ಷ ಒಳಗಿನ ಸಂಗತಿ ಪೂರ್ತಿ ತಿಳಿಯದೆಯೇ ದೊಡ್ಡ ದೊಡ್ಡವರು ಆ ಶಬ್ದ ಬಳಸಿದರು. ಅವರನ್ನು ಬಾಯಿಪಾಠದವರು ಅನ್ನುತ್ತೀಯಾ?

ನಾನು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಅರ್ಧಕ್ಕೆ ಬಿಟ್ಟು ಬಂದದ್ದು ಅಡಿಕೆಗೆ ಕೊಳೆರೋಗ ಬಂದು ಮನೆಯಲ್ಲಿ ದುಡ್ಡಿಲ್ಲದ ಕಾರಣಕ್ಕೆ ಅಂತ ಎಲ್ಲರೂ ತಿಳಿದಿದ್ದಾರೆ. ದುಡ್ಡು ಇರಲಿಲ್ಲ, ಅದು ಹೌದು. ಆದರೆ ಅಪ್ಪ ಹೇಗಾದರೂ ಹೊಂದಿಸುತ್ತಿದ್ದರು. ನನಗೂ ಇದೇ ಭಯ ಇತ್ತು ಮಗಾ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತವನು. ಕ್ಲಾಸಿನಲ್ಲಿ ಎಲ್ಲರೂ ತಲೆ ಆಡಿಸುವಾಗ ನಾನೂ ಆಡಿಸುತ್ತಿದ್ದೆ. ಹಾಸ್ಟೆಲಿಗೆ ಬಂದು ನೋಟ್ಸ್ ತೆರೆದರೆ ಎದೆ ಹೊಡೆದುಕೊಳ್ಳುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳುವಂಥವರು ಯಾರೂ ಇರಲಿಲ್ಲ. ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು, ಮಕ್ಕಳಿಗೆ ಕಲಿಸುವುದು ಖುಷಿಯನ್ನೇ ಕೊಟ್ಟಿತು. ಆದರೂ ಕೊಣಾಜೆ ದಾರಿಯಲ್ಲಿ ಬಸ್ಸು ಹೋದರೆ ನಾನು ಈಗಲೂ ಆ ಗುಡ್ಡದ ಕಡೆ ನೋಡುವುದಿಲ್ಲ. ನೀನು ಬರೆದೆಯಲ್ಲ, ಅಷ್ಟೂ ನನ್ನಿಂದ ಆಗಿರಲಿಲ್ಲ.

ಇನ್ನೊಂದು ಮಾತು. ಅದೇ ಕಾಗದದ ಮೊದಲ ಪುಟದಲ್ಲಿ ನೀನೇ ಏನು ಬರೆದಿದ್ದಿ? ಈಕೋ ಆರ್ ಒನ್ ಅನ್ನುವ ರೆಸ್ಟ್ರಿಕ್ಷನ್ ಎಂಜೈಮ್ ಹಾಕಿ, ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ ಜೆಲ್ ಓಡಿಸಿದಾಗ ಎರಡು ಬ್ಯಾಂಡ್ (ಗೆರೆ) ಬರಬೇಕಾದಲ್ಲಿ ಜಾಸ್ತಿ ಬಂತು. ಉಳಿದವರು ಪ್ಲಾಸ್ಮಿಡ್, ಅಂದರೆ ಕತ್ತರಿಸಲು ತೆಗೆದುಕೊಂಡ ಆ ಉಂಗುರದಂಥ ಡಿಎನ್‌ಎ, ಸರಿ ಇಲ್ಲ ಅಂದರು. ನೀನು ಲ್ಯಾಬಿನ ಪುಸ್ತಕ ತೆಗೆದು ಲೆಕ್ಕ ನೋಡಿದೆ. ಒಟ್ಟು 20 ಮೈಕ್ರೋಲೀಟರಿನಲ್ಲಿ 4 ಮೈಕ್ರೋಲೀಟರ್ ಎಂಜೈಮೇ ಹೋಗಿತ್ತು. ಎಂಜೈಮ್ ಇಟ್ಟಿರುವುದು ಅರ್ಧಕ್ಕರ್ಧ ಗ್ಲಿಸರಾಲಿನಲ್ಲಿ. ಗ್ಲಿಸರಾಲ್ ಶೇ. 5 ದಾಟಿದರೆ ಈ ಎಂಜೈಮ್ ತನ್ನ ಜಾಗ ಬಿಟ್ಟು, ಅದರ ಹಾಗೆ ಕಾಣುವ ಬೇರೆ ಜಾಗಗಳಲ್ಲೂ ಕತ್ತರಿಸಲು ಶುರುಮಾಡುತ್ತದೆ, ಇಲ್ಲಿ ಶೇ. 10 ಆಗಿದೆ ಅಂತ ಹೇಳಿದವಳು ನೀನು. ಮರುದಿನ 1 ಮೈಕ್ರೋಲೀಟರ್ ಹಾಕಿ ಎರಡೇ ಬ್ಯಾಂಡ್ ತೋರಿಸಿದೆ. ಬಾಯಿಪಾಠ ಮಾಡಿದವರಿಗೆ ಇದು ಹೊಳೆಯುತ್ತದಾ? ಇದನ್ನು ಬರೆದ ಕೈಯೇ ಕೊನೆಗೆ ಆ ಸಾಲನ್ನೂ ಬರೆಯಿತಲ್ಲ ಅಂತ ನನಗೆ ಸಂಕಟ.

ಬಾಯಿಪಾಠ ಮಾಡಿರಬಹುದು. ಮಾಡಿದ್ದರೆ ಮಾಡಿದ್ದು, ಬಿಡು. ಮೊದಲು ಬಾಯಿಗೆ ಬಂದದ್ದು ಎಷ್ಟೋ ಸಲ ಆಮೇಲೆ ಕೈಗೆ ಬರುತ್ತದೆ. ತಲೆಗೆ ಹತ್ತುವುದು ಅದಕ್ಕೂ ಆಮೇಲೆ.

ಹೇಗೆ ಓದಬೇಕು ಅಂತ ಹೇಳುವಷ್ಟು ನಾನು ಓದಿದವನಲ್ಲ. ಆದರೂ ಕೇಳು. ಈಕೋ ಆರ್ ಒನ್ ಕತ್ತರಿಸುವ ಜಾಗದ ಅಕ್ಷರಗಳನ್ನು ಜಿ-ಎ-ಎ-ಟಿ-ಟಿ-ಸಿ ಅಂತ ಪೆನ್ಸಿಲಿನಲ್ಲಿ ಬರೆ, ಕೆಳಗೆ ಅದರ ಜೋಡಿ ಎಳೆ ಬರೆ. ಎರಡನ್ನೂ ಐದು ಪ್ರೈಮ್ ಅನ್ನುವ ತುದಿಯ ಕಡೆಯಿಂದ, ಮೇಲಿನದನ್ನು ಎಡದಿಂದ, ಕೆಳಗಿನದನ್ನು ಬಲದಿಂದ ಓದಿದರೆ ಒಂದೇ ಬರುತ್ತದೆ. ಜಿ ಆದಮೇಲೆ ಒಂದು ಗೆರೆ ಎಳೆ, ಕೆಳಗೂ ಹಾಗೆಯೇ ಬಲತುದಿಯ ಜಿ ಆದಮೇಲೆ. ಅಂಟಿಕೊಳ್ಳುವ ತುದಿ ಎಲ್ಲಿಂದ ಬಂತು ಅಂತ ಕಾಗದದಲ್ಲೇ ಕಾಣುತ್ತದೆ. ವೈವಾದಲ್ಲಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಆಮೇಲೆ ಆ ಮೇಡಂ ಹತ್ತಿರ ಹೋಗಿ ಕೇಳು. ರಾತ್ರಿ ಊಟ ಬಿಡಬೇಡ. ಇದನ್ನೆಲ್ಲ ಸುಮ್ನೆ ಬರೆದೆ, ಬೇಡದ್ದನ್ನು ಬಿಡು.

ಆ ಭಯ ಮತ್ತೆ ಬಂದರೆ ಆಗಲೇ ಫೋನ್ ಮಾಡು. ನಡುರಾತ್ರಿಯಾದರೂ ತೊಂದರೆಯಿಲ್ಲ. ಅಮ್ಮನಿಗೆ ನಾನು ಹೇಳುವುದಿಲ್ಲ.

ಹೊರಗಿನ ಡಿಎನ್‌ಎ ಕತ್ತರಿಸುವ ಬ್ಯಾಕ್ಟೀರಿಯಾ ತನ್ನದನ್ನು ಹೇಗೆ ಕಾಪಾಡಿಕೊಳ್ಳುತ್ತದೆ, ಆ ಮೀಥೈಲ್ ಅನ್ನುವ ಸಣ್ಣ ರಾಸಾಯನಿಕ ಗುಂಪಿನ ವಿಷಯ ಮುಂದಿನ ಕಾಗದದಲ್ಲಿ ಬರೆ. ಪುಸ್ತಕದ ವಾಕ್ಯ ಬೇಡ, ನಿನ್ನದೇ ಮಾತಿನಲ್ಲಿ. ತಪ್ಪಿದರೂ ಅಡ್ಡಿಯಿಲ್ಲ, ನಾನು ಓದುತ್ತೇನೆ.

ಇತಿ ನಿನ್ನ,
ಮಾವ